ಅತಿಥಿಯ ಗಡುವು



‘ಅತಿಥಿ’ ಎಂಬ ಪದವನ್ನು ನಮ್ಮ ಹಿರಿಯರು ಬಿಡಿಸಿ ಹೇಳುತ್ತಿದ್ದ ರೀತಿ ನಿಮಗೆ ನೆನಪಿರಬಹುದು. ಯಾವ ತಿಥಿಯಂದು ಬರುವನೆಂಬ ಮುನ್ಸೂಚನೆಯಿಲ್ಲದೆ ಬಾಗಿಲಿಗೆ ಬಂದು ನಿಲ್ಲುವವನೇ ಅತಿಥಿ. ಅವನು ಬರುವ ದಿನವನ್ನು ಮನೆಯವರು ಗೊತ್ತುಪಡಿಸಿರುವುದಿಲ್ಲ. ಹೊರಡುವ ದಿನವನ್ನು ಅವನಲ್ಲಿ ಕೇಳುವುದು ಸಭ್ಯತೆಯೆನಿಸುವುದಿಲ್ಲ. ಆದರೆ ರಾಷ್ಟ್ರಗಳು ಅತಿಥಿಯನ್ನು ಬರಮಾಡಿಕೊಳ್ಳುವ ರೀತಿಯೇ ಬೇರೆ. ಪ್ರಾಣ ಉಳಿಸಿಕೊಳ್ಳಲು ಓಡಿಬಂದವನ ಕೈಗೆ ಅವು ನೀಡುವ ಕಾಗದದ ಮೇಲೆ ಅವನು ಹೊರಡಬೇಕಾದ ದಿನಾಂಕ ಮೊದಲೇ ಮುದ್ರಿತವಾಗಿರುತ್ತದೆ. ಆ ದಿನ ಹತ್ತಿರವಾದಾಗ, ಅವನ ಊರಿನ ಆಪತ್ತು ಇನ್ನೂ ನೀಗಿಲ್ಲವಾದರೆ, ದಿನಾಂಕವನ್ನು ಮುಂದೂಡಲಾಗುತ್ತದೆ. ಮರುವರ್ಷ ಇನ್ನೊಮ್ಮೆ, ಅದರ ಮರುವರ್ಷ ಮತ್ತೊಮ್ಮೆ. ಹೀಗೆ ಮುಂದೂಡುತ್ತಲೇ ಐದು, ಹತ್ತು, ಇಪ್ಪತ್ತು ವರ್ಷಗಳು ಕಳೆದುಹೋದರೆ ಆ ಮನುಷ್ಯನು ಯಾರು? ಇನ್ನೂ ಅತಿಥಿಯೋ, ಮನೆಯವನೋ? ಕಾಲವೊಂದೇ ಮನುಷ್ಯನಿಗೆ ಒಂದು ನೆಲದ ಮೇಲೆ ಹಕ್ಕನ್ನು ತಂದುಕೊಡಬಲ್ಲದೇ? ಈ ತಿಂಗಳು ನಿಮ್ಮೊಡನೆ ಚಿಂತಿಸಬಯಸುವುದು ಈ ಪ್ರಶ್ನೆಯನ್ನು.

ಇದು ಕೇವಲ ಪುಸ್ತಕದ ಪ್ರಶ್ನೆಯಲ್ಲ. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ಆಕ್ರಮಣ ಆರಂಭಿಸಿದಾಗ ಲಕ್ಷಾಂತರ ಜನ ಗಡಿ ದಾಟಿದರು. ಆ ದಿನಗಳು ನಮಗೂ ನೆನಪಿವೆ. ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದ. ನಮ್ಮ ಇತರ ವಿದ್ಯಾರ್ಥಿಗಳು ‘ಆಪರೇಷನ್ ಗಂಗಾ’ ಮೂಲಕ ಮರಳಿ ಬಂದರು. ಅವರಿಗೆ ಮರಳಲು ಒಂದು ಮನೆಯಿತ್ತು, ಒಂದು ದೇಶವಿತ್ತು. ಉಕ್ರೇನಿನವರಿಗೆ ಉರಿಯುತ್ತಿದ್ದದ್ದೇ ಆ ಮನೆ. ಮಾರ್ಚ್ 4ರಂದು ಐರೋಪ್ಯ ಒಕ್ಕೂಟವು ಅವರಿಗಾಗಿ ‘ತಾತ್ಕಾಲಿಕ ರಕ್ಷಣೆ’ಯನ್ನು ಜಾರಿಗೆ ತಂದಿತು. ಬಾಲ್ಕನ್ ಯುದ್ಧಗಳ ಅನುಭವದಿಂದ ಪಾಠ ಕಲಿತು 2001ರಲ್ಲಿ ರಚಿಸಿದ್ದ ಕಾನೂನು ಅದು. ಇಪ್ಪತ್ತು ವರ್ಷ ಕಪಾಟಿನಲ್ಲಿದ್ದು ಮೊದಲ ಬಾರಿಗೆ ಬಳಕೆಗೆ ಬಂತು. ಪ್ರತಿಯೊಬ್ಬರ ಅರ್ಜಿಯನ್ನೂ ಪ್ರತ್ಯೇಕವಾಗಿ ವಿಚಾರಿಸದೆ, ಸಾಮೂಹಿಕವಾಗಿ, ಕೂಡಲೇ ವಾಸ, ಉದ್ಯೋಗ, ಶಾಲೆ, ಚಿಕಿತ್ಸೆಗಳ ಹಕ್ಕನ್ನು ಅದು ನೀಡಿತು. ಸುಮಾರು 43 ಲಕ್ಷ ಜನರು ಈ ರಕ್ಷಣೆಯಡಿ ಬದುಕುವಂತಾಯಿತು. ಅವರಲ್ಲಿ ಅತಿ ಹೆಚ್ಚು ಜನರಿಗೆ ಆಶ್ರಯ ನೀಡಿದವು ಜರ್ಮನಿ, ಪೋಲೆಂಡ್ ಮತ್ತು ಚೆಕ್ ಗಣರಾಜ್ಯಗಳು. ಇದು ಔದಾರ್ಯದ ಕಾರ್ಯವೆಂಬುದನ್ನು ಮೊದಲೇ ಒಪ್ಪಿಕೊಳ್ಳೋಣ. ಮುಂದೆ ಎತ್ತುವ ಪ್ರಶ್ನೆಗಳು ಆ ಔದಾರ್ಯವನ್ನು ಹೀಗಳೆಯುವುದಕ್ಕಲ್ಲ.

ಈ ಕಾನೂನಿನ ಪ್ರಕಾರ ರಕ್ಷಣೆ ಮೊದಲು ಒಂದು ವರ್ಷಕ್ಕೆ. ಬಳಿಕ ಆರಾರು ತಿಂಗಳಂತೆ ಇನ್ನೊಂದು ವರ್ಷ, ಅಗತ್ಯವಿದ್ದರೆ ಮತ್ತೊಂದು ವರ್ಷ. ಒಟ್ಟು ಮೂರು ವರ್ಷ ಎಂದೇ ಸಾಮಾನ್ಯವಾಗಿ ಅದನ್ನು ಅರ್ಥೈಸಲಾಗಿತ್ತು. ಯುದ್ಧ ಮುಗಿಯಲಿಲ್ಲ. ಗಡುವು 2025ಕ್ಕೆ, ಬಳಿಕ 2026ಕ್ಕೆ ಸರಿಯಿತು. 2025ರ ಜುಲೈಯಲ್ಲಿ ಅದನ್ನು 2027ರ ಮಾರ್ಚ್ 4ರವರೆಗೆ ವಿಸ್ತರಿಸಲಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಕ್ಕೂಟವು ಸದಸ್ಯ ರಾಷ್ಟ್ರಗಳಿಗೆ ಒಂದು ಶಿಫಾರಸು ಮಾಡಿತು: ತಾತ್ಕಾಲಿಕ ರಕ್ಷಣೆಯಲ್ಲಿರುವವರನ್ನು ಉದ್ಯೋಗ, ಶಿಕ್ಷಣ, ಕುಟುಂಬ ಮುಂತಾದ ಆಧಾರಗಳ ಮೇಲೆ ಬೇರೆ ನಿವಾಸ ಪರವಾನಗಿಗಳಿಗೆ ಸ್ಥಳಾಂತರಿಸಿರಿ, ಮರಳಬಯಸುವವರಿಗೆ ನೆರವಾಗಿರಿ.

ಇಲ್ಲಿಯೇ ತೊಡಕು. ಐದು ವರ್ಷ ಕಾನೂನುಬದ್ಧವಾಗಿ ವಾಸಿಸಿದ ವಿದೇಶೀಯರಿಗೆ ದೀರ್ಘಾವಧಿ ನಿವಾಸದ ಸ್ಥಾನಮಾನ ನೀಡುವ ಇನ್ನೊಂದು ಕಾನೂನು ಒಕ್ಕೂಟದಲ್ಲಿ 2003ರಿಂದ ಇದೆ. ಆದರೆ ತಾತ್ಕಾಲಿಕ ರಕ್ಷಣೆಯ ಮೇಲೆ ವಾಸಿಸುವವರನ್ನು ಅದು ಹೊರಗಿಟ್ಟಿದೆ. ಬ್ರಿಟನ್ನಿನಲ್ಲಿಯೂ ಇಂಥದೇ ಸ್ಥಿತಿ. ಉಕ್ರೇನಿನವರಿಗಾಗಿ ಅಲ್ಲಿ ತೆರೆದ ವೀಸಾ ಯೋಜನೆಗಳು ಮೂರು ವರ್ಷದ್ದಾಗಿದ್ದವು. 2025ರ ಫೆಬ್ರವರಿ 4ರಿಂದ 18 ತಿಂಗಳ ವಿಸ್ತರಣೆಗೆ ಅರ್ಜಿ ಸ್ವೀಕರಿಸಲಾಯಿತು. ಸೆಪ್ಟೆಂಬರಿನಲ್ಲಿ ಇನ್ನೂ 24 ತಿಂಗಳ ವಿಸ್ತರಣೆ ಪ್ರಕಟವಾಯಿತು. ಆದರೆ ಈ ಯೋಜನೆಗಳು ಕಾಯಂ ನೆಲೆಗೆ ದಾರಿಯಲ್ಲವೆಂದು ಸರ್ಕಾರ ಸ್ಪಷ್ಟವಾಗಿ ಹೇಳಿತು. ಕಾಯಂ ನೆಲೆ ಬೇಕಾದವರು ಕುಶಲ ಕೆಲಸಗಾರರ ವೀಸಾದಂಥ ಬೇರೆ ಬಾಗಿಲನ್ನು ತಟ್ಟಬೇಕು. ಆ ವೀಸಾಕ್ಕೆ ಬೇಕಾದ ಸಾಮಾನ್ಯ ವೇತನದ ಮಿತಿಯನ್ನು 2025ರ ಜುಲೈಯಲ್ಲಿ ವಾರ್ಷಿಕ 41,700 ಪೌಂಡಿಗೆ ಏರಿಸಲಾಯಿತು. ವೃದ್ಧರ ಆರೈಕೆಯಲ್ಲೋ ಹೋಟೆಲಿನ ಅಡುಗೆಮನೆಯಲ್ಲೋ ದುಡಿಯುವ ತಾಯಿಗೆ ಅದು ಕೈಗೆಟುಕುವ ಮೊತ್ತವಲ್ಲ.

ಈಗ ನ್ಯಾಯದ ತಕ್ಕಡಿಯನ್ನು ಹಿಡಿಯೋಣ. ಮೊದಲು ಆಶ್ರಯದಾತ ರಾಷ್ಟ್ರದ ಪರವಾಗಿ ಹೇಳಬಹುದಾದುದನ್ನು ಗೌರವದಿಂದ ಕೇಳೋಣ.

ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಕುರಿತು ಬರೆದ ಪ್ರಬಂಧದಲ್ಲಿ ಒಂದು ಭೇದವನ್ನು ಮಾಡುತ್ತಾನೆ. ಪರದೇಶಿಯು ಬಂದಾಗ ಅವನನ್ನು ಶತ್ರುವಿನಂತೆ ಕಾಣಬಾರದು. ಅವನನ್ನು ಹಿಂದಕ್ಕಟ್ಟಿದರೆ ಅವನ ನಾಶವಾಗುವುದಾದರೆ ಹಾಗೆ ಅಟ್ಟಲಾಗದು. ಇದು ಭೇಟಿಯ ಹಕ್ಕು. ಆದರೆ ಮನೆಯವನಂತೆ ನೆಲೆಸುವ ಹಕ್ಕು ಬೇರೆ. ಅದಕ್ಕೆ ವಿಶೇಷವಾದ ಒಪ್ಪಂದ ಬೇಕು. ಅವನಿಗಿಂತ ಐದು ಶತಮಾನಗಳ ಹಿಂದೆ ಸಂತ ಥಾಮಸ್ ಅಕ್ವಿನಾಸರೂ ಪರಕೀಯರನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು: ಹಾದುಹೋಗುವವರು, ವಾಸಕ್ಕೆ ಬಂದವರು, ಸಮುದಾಯದ ಪೂರ್ಣ ಸದಸ್ಯರಾಗಬಯಸುವವರು. ಮೊದಲ ಎರಡು ಬಗೆಯವರಿಗೆ ತೊಂದರೆ ಕೊಡಬಾರದೆಂಬುದೇ ಮೋಶೆಯ ಧರ್ಮಶಾಸ್ತ್ರದ ಆಜ್ಞೆ. ಮೂರನೆಯವರನ್ನಾದರೋ ಕೂಡಲೇ ಪೌರರನ್ನಾಗಿ ಸ್ವೀಕರಿಸುತ್ತಿರಲಿಲ್ಲ. ಸಮುದಾಯದ ಹಿತ ಅವರ ಹೃದಯದಲ್ಲಿ ಬೇರೂರಲು ಕಾಲ ಬೇಕೆಂಬುದು ಅದಕ್ಕೆ ಸಂತರು ಕೊಡುವ ಕಾರಣ.

ಇದರ ಮೇಲೆ ಇನ್ನೂ ಎರಡು ವಾದಗಳಿವೆ. ‘ತಾತ್ಕಾಲಿಕ’ವೆಂದು ಹೇಳಿ ತೆರೆದ ಬಾಗಿಲು ತಾನಾಗಿಯೇ ಶಾಶ್ವತವಾದರೆ, ನಾಳೆ ಇನ್ನೊಂದು ದೇಶ ಹೊತ್ತಿ ಉರಿದಾಗ ಜನರು ಬಾಗಿಲು ತೆರೆಯಲು ಅಂಜುವರು, ಇಂದಿನ ಅತಿಥಿಗೆ ತೋರಿದ ದಯೆ ನಾಳೆಯ ಅತಿಥಿಗೆ ಮುಳುವಾಗಬಹುದು. ಎರಡನೆಯದು ತಾಯ್ನಾಡಿನ ಮೊರೆ. ಉಕ್ರೇನಿಗೆ ಮರಳಿ ಕಟ್ಟಿಕೊಳ್ಳಲು ತನ್ನ ದಾದಿಯರು, ಶಿಕ್ಷಕಿಯರು, ಎಂಜಿನಿಯರರು, ಮಕ್ಕಳು ಬೇಕು. ಅವರೆಲ್ಲ ಹೊರನಾಡಿನಲ್ಲಿ ಬೇರುಬಿಟ್ಟರೆ ಗೆದ್ದ ನಾಡೂ ಬರಿದಾದೀತು. ಇವು ಹುಸಿ ವಾದಗಳಲ್ಲ. ಕರುಣೆಯ ಹೆಸರಿನಲ್ಲಿ ಇವುಗಳನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಾಗದು.

ಆದರೂ, ಓದುಗರೇ, ಕಾಂಟನ ವಿಂಗಡಣೆಯಲ್ಲಿ ಒಬ್ಬ ಮನುಷ್ಯನಿಗೆ ಸ್ಥಳವಿಲ್ಲವೆಂಬುದನ್ನು ಗಮನಿಸಿರಿ. ಭೇಟಿಗೆ ಬಂದವನನ್ನು ಕಾಂಟನು ಬಲ್ಲ. ಒಪ್ಪಂದದಿಂದ ನೆಲೆಸಿದವನನ್ನೂ ಬಲ್ಲ. ಭೇಟಿಗೆಂದು ಬಂದು, ಹೊರಡಲಾಗದೆ, ವರ್ಷಗಟ್ಟಲೆ ಉಳಿದುಹೋದವನು ಯಾವ ಸಾಲಿಗೆ ಸೇರಬೇಕು? 2022ರಲ್ಲಿ ಆರು ವರ್ಷದವಳಾಗಿ ಪ್ರಾಗ್ ನಗರದ ಶಾಲೆಗೆ ಸೇರಿದ ಬಾಲಕಿಯೊಬ್ಬಳನ್ನು ಊಹಿಸಿಕೊಳ್ಳಿರಿ. ಅವಳು ಓದಲು ಬರೆಯಲು ಕಲಿತದ್ದು ಚೆಕ್ ಭಾಷೆಯಲ್ಲಿ, ಗೆಳತಿಯರೊಡನೆ ಜಗಳವಾಡುವುದು ಆ ಭಾಷೆಯಲ್ಲಿ. 2027ರ ಗಡುವು ಬರುವಾಗ ಅವಳಿಗೆ ಹನ್ನೊಂದು ವರ್ಷ. ಬದುಕಿನ ಹೆಚ್ಚುಕಡಿಮೆ ಅರ್ಧವನ್ನು ಅವಳು ಅಲ್ಲಿಯೇ ಕಳೆದಿರುತ್ತಾಳೆ. ಅವಳ ತಾಯಿ ಸಹಿ ಮಾಡಿದ ಅರ್ಜಿಯಲ್ಲಿ ‘ತಾತ್ಕಾಲಿಕ’ ಎಂದಿರಬಹುದು. ಬಾಲ್ಯ ಮಾತ್ರ ತಾತ್ಕಾಲಿಕವಾಗಿ ಕಳೆಯುವ ವಸ್ತುವಲ್ಲ. ಕಾಲ ಕಳೆದದ್ದರಿಂದ ಅವಳಲ್ಲಿ ಆಗಿರುವ ಬದಲಾವಣೆಗೆ ಯಾರ ಒಪ್ಪಿಗೆಯೂ ಬೇಕಾಗಲಿಲ್ಲ. ಯಾವ ಆದೇಶವೂ ಅದನ್ನು ಹಿಂದಕ್ಕೆ ಪಡೆಯಲಾರದು.

‘ಬರುವಾಗಲೇ ಷರತ್ತನ್ನು ಒಪ್ಪಿ ಬಂದರಲ್ಲ?’ ಎಂದು ನೀವು ಕೇಳಬಹುದು. ನಿಜ. ಆದರೆ ಪ್ರತಿಯೊಂದು ವಿಸ್ತರಣೆಯೂ ಆಶ್ರಯದಾತನೇ ನೀಡಿದ ಒಂದು ಹೊಸ ಮಾತು. ‘ಇನ್ನೂ ಒಂದು ವರ್ಷ ಇರು’ ಎಂದು ಹೇಳಿದವನು, ಆ ವರ್ಷದಲ್ಲಿ ಅತಿಥಿಯು ಬಾಡಿಗೆ ಮನೆ ಹಿಡಿಯುವನು, ಕೆಲಸ ಕಲಿಯುವನು, ಮಗುವನ್ನು ಶಾಲೆಗೆ ಸೇರಿಸುವನು ಎಂಬುದನ್ನು ಬಲ್ಲ. ಹಾಗೆ ಮಾಡಬೇಕೆಂದು ಬಯಸುತ್ತಾನೆ ಕೂಡ. ಬೇರುಬಿಡಲು ಪ್ರೋತ್ಸಾಹಿಸಿ, ಬೇರುಬಿಟ್ಟದ್ದಕ್ಕೆ ಲೆಕ್ಕವಿಲ್ಲವೆನ್ನುವುದು ನ್ಯಾಯವಾಗದು. 2001ರ ಕಾನೂನನ್ನು ಬರೆದವರೇ ಮೂರು ವರ್ಷಗಳನ್ನು ಎಣಿಸಿದ್ದರೆಂಬುದನ್ನು ಮರೆಯದಿರೋಣ. ಯಾವುದೇ ಮನುಷ್ಯನನ್ನು ಅದಕ್ಕಿಂತ ಹೆಚ್ಚು ಕಾಲ ಹೊಸ್ತಿಲ ಮೇಲೆ ಕೂರಿಸಬಾರದೆಂಬ ವಿವೇಕ ಆ ಎಣಿಕೆಯಲ್ಲಿ ಅಡಗಿದೆ.

ಹೊಸ್ತಿಲ ಮೇಲಿನ ಬದುಕು ಎಷ್ಟು ದೀರ್ಘವಾಗಬಲ್ಲದೆಂಬುದಕ್ಕೆ ಅಮೆರಿಕ ಸಾಕ್ಷಿ. 2001ರ ಜನವರಿ ಮತ್ತು ಫೆಬ್ರವರಿಯಲ್ಲಿ ಎಲ್ ಸಾಲ್ವಡೋರ್ ದೇಶವನ್ನು ಭೂಕಂಪಗಳು ನಡುಗಿಸಿದವು. ಅಮೆರಿಕದಲ್ಲಿದ್ದ ಆ ದೇಶದವರಿಗೆ, 1990ರ ಕಾನೂನಿನನ್ವಯ, ತಾತ್ಕಾಲಿಕ ರಕ್ಷಣೆಯ ಸ್ಥಾನಮಾನ ದೊರೆಯಿತು. ಒಂದು ಬಾರಿಗೆ ಹದಿನೆಂಟು ತಿಂಗಳಿಗೆ ಮೀರದ ಆ ರಕ್ಷಣೆ, ವಿಸ್ತರಣೆಯ ಮೇಲೆ ವಿಸ್ತರಣೆ ಪಡೆಯುತ್ತ ಎರಡು ದಶಕಗಳನ್ನು ದಾಟಿತು. 2021ರ ಜೂನ್ 7ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಒಮ್ಮತದಿಂದ ತೀರ್ಪಿತ್ತಿತು: ಮೊದಲು ಅಕ್ರಮವಾಗಿ ಗಡಿ ದಾಟಿದವರಿಗೆ ತಾತ್ಕಾಲಿಕ ರಕ್ಷಣೆ ದೊರೆತಿದೆಯೆಂಬ ಮಾತ್ರಕ್ಕೆ, ಕಾಯಂ ನಿವಾಸಕ್ಕೆ ಬೇಕಾದ ‘ವಿಧಿವತ್ತಾದ ಪ್ರವೇಶ’ ದೊರೆತಂತಾಗುವುದಿಲ್ಲ. ಕಾನೂನಿನ ಅಕ್ಷರವನ್ನು ನ್ಯಾಯಾಧೀಶರು ಸರಿಯಾಗಿಯೇ ಓದಿರಬಹುದು. ಆದರೆ ಅಮೆರಿಕದಲ್ಲಿ ಮೊಮ್ಮಕ್ಕಳನ್ನು ಕಂಡವರೂ ಒಳಗೆ ಬಂದವರೆಂದು ಎಣಿಕೆಯಾಗದ ಕಾನೂನನ್ನು ಶಾಸನಕರ್ತರು ಪುನಃ ಪರಿಶೀಲಿಸಬೇಕಲ್ಲವೇ?

ಈಗ ಈ ಪ್ರಶ್ನೆಯ ಅತ್ಯಂತ ಕಠಿಣ ಭಾಗಕ್ಕೆ ಬರೋಣ. ತಾತ್ಕಾಲಿಕ ರಕ್ಷಣೆಯಿಂದ ದೀರ್ಘಾವಧಿ ನಿವಾಸಕ್ಕೆ ದಾಟಲು ಒಂದು ಸೇತುವೆ ಬೇಕೆಂದು ಒಪ್ಪೋಣ. ಆ ಸೇತುವೆಯ ಮೇಲೆ ಯಾರನ್ನು ಬಿಡಬೇಕು? ಚೆಕ್ ಗಣರಾಜ್ಯವು 2025ರಲ್ಲಿ ಉಕ್ರೇನಿನವರಿಗಾಗಿ ಐದು ವರ್ಷದ ವಿಶೇಷ ದೀರ್ಘಾವಧಿ ನಿವಾಸವನ್ನು ಆರಂಭಿಸಿತು. ಅದಕ್ಕೆ ಆರ್ಥಿಕ ಸ್ವಾವಲಂಬನೆಯೇ ಮುಖ್ಯ ಷರತ್ತು: ವಾರ್ಷಿಕ 4,40,000 ಚೆಕ್ ಕೊರೂನಾ ಆದಾಯ, ಅವಲಂಬಿತರಿದ್ದರೆ ಅದಕ್ಕಿಂತ ಹೆಚ್ಚು. ಈ ವ್ಯವಸ್ಥೆಯನ್ನು ನಾನು ಕೆಟ್ಟದೆನ್ನಲಾರೆ. ಯಾವ ದಾರಿಯೂ ಇಲ್ಲದಿರುವುದಕ್ಕಿಂತ ಒಂದು ದಾರಿಯಿರುವುದು ಮೇಲು. ದುಡಿದು ತೆರಿಗೆ ಕಟ್ಟುವವನಿಗೆ ‘ನೀನು ಇನ್ನು ಹೊರಗಿನವನಲ್ಲ’ ಎಂದು ಹೇಳುವುದರಲ್ಲಿ ಗೌರವವಿದೆ.

ಆದರೆ ಇಲ್ಲಿ ಒಂದು ಸೂಕ್ಷ್ಮವಾದ ಪಲ್ಲಟ ನಡೆದಿರುವುದನ್ನು ಕಾಣಿರಿ. ಮೊದಲ ಬಾಗಿಲು ತೆರೆದದ್ದು ಬಂದವರ ಸಂಕಟವನ್ನು ನೋಡಿ. ಎರಡನೆಯ ಬಾಗಿಲು ತೆರೆಯುವುದು ಅವರಿಂದಾಗುವ ಪ್ರಯೋಜನವನ್ನು ಅಳೆದು. ಒಂದೇ ಊರಿನಿಂದ, ಒಂದೇ ರೈಲಿನಲ್ಲಿ ಬಂದ ಅಕ್ಕತಂಗಿಯರಿಬ್ಬರನ್ನು ಭಾವಿಸಿರಿ. ಅಕ್ಕ ಗಣಕಯಂತ್ರದ ಕೆಲಸ ಬಲ್ಲವಳು. ಅವಳು ಸೇತುವೆ ದಾಟುತ್ತಾಳೆ. ತಂಗಿಗೆ ಹಾಸಿಗೆ ಹಿಡಿದ ತಾಯಿಯ ಸೇವೆ, ಮೇಲೆ ಎಳೆಯ ಮಗು. ಗಂಡ ಉಕ್ರೇನಿನಲ್ಲಿಯೇ ಉಳಿದಿದ್ದಾನೆ, ಏಕೆಂದರೆ ಯುದ್ಧಕಾಲದ ನಿಯಮದಂತೆ ಸೈನ್ಯಕ್ಕೆ ಬೇಕಾದ ವಯಸ್ಸಿನ ಬಹುಪಾಲು ಗಂಡಸರು ದೇಶ ಬಿಡುವಂತಿಲ್ಲ. ಅವಳು ಅಕ್ಕನಿಗಿಂತ ಕಡಿಮೆ ದುಡಿಯುತ್ತಿಲ್ಲ. ಅವಳ ದುಡಿಮೆಗೆ ಸಂಬಳದ ಚೀಟಿಯಿಲ್ಲ, ಅಷ್ಟೇ. ಹಳೆಯ ಗಡುವು ಅವಳಿಗೆ ಹಾಗೆಯೇ ಉಳಿಯುತ್ತದೆ. ಮನುಷ್ಯನ ಯೋಗ್ಯತೆಯನ್ನು ಆದಾಯದಿಂದ ಅಳೆಯಬಾರದೆಂದು ನಾವು ಉಪದೇಶದಲ್ಲಿ ಹೇಳುತ್ತೇವೆ. ಆ ಮಾತಿನ ಪರೀಕ್ಷೆ ಇಲ್ಲಿ ನಡೆಯುತ್ತದೆ. ಸಂಪಾದನೆಯ ದಾರಿ ಒಂದಿರಲಿ. ಅದರ ಜೊತೆಗೆ, ಇಂತಿಷ್ಟು ವರ್ಷ ಕಾನೂನಿಗೆ ವಿಧೇಯರಾಗಿ ವಾಸಿಸಿದವರಿಗೆ ಆ ವಾಸವೇ ಅರ್ಹತೆಯಾಗುವ ಇನ್ನೊಂದು ದಾರಿಯೂ ಇರಬೇಕು. ವೃದ್ಧರು, ರೋಗಿಗಳು, ಆರೈಕೆಯ ಹೊರೆ ಹೊತ್ತವರು ಆ ದಾರಿಯಲ್ಲಿ ಬರಲಿ. ಬೇರೂರಲು ಕಾಲ ಬೇಕೆಂಬುದು ಸಂತ ಥಾಮಸರ ವಾದವಾದರೆ, ಆ ಕಾಲ ಕಳೆದ ಮೇಲೆ ಅದನ್ನು ಎಣಿಸಲೇಬೇಕೆಂಬುದು ಅದೇ ವಾದದ ಮುಂದಿನ ಹೆಜ್ಜೆ.

ಹಾಗಾದರೆ ತಾಯ್ನಾಡಿನ ಮೊರೆ? ಧರ್ಮಸಭೆಯ ಬೋಧನೆ ಇಲ್ಲಿ ಎರಡು ಬದಿಯನ್ನೂ ನೋಡುತ್ತದೆ. ಜಗದ್ಗುರು ಇಪ್ಪತ್ತಮೂರನೆಯ ಯೊವಾನ್ನರು 1963ರ ತಮ್ಮ ‘ಪಾಚೆಮ್ ಇನ್ ತೆರ್ರಿಸ್’ ವಿಶ್ವಪತ್ರದಲ್ಲಿ, ಸ್ವದೇಶದಲ್ಲಿ ನೆಲೆಸುವ ಸ್ವಾತಂತ್ರ್ಯವನ್ನೂ ನ್ಯಾಯವಾದ ಕಾರಣಗಳಿದ್ದಾಗ ಅನ್ಯದೇಶಕ್ಕೆ ಹೋಗಿ ನೆಲೆಸುವ ಸ್ವಾತಂತ್ರ್ಯವನ್ನೂ ಮಾನವ ಹಕ್ಕುಗಳ ಸಾಲಿನಲ್ಲಿ ಒಟ್ಟಿಗೆ ಇರಿಸಿದರು. ದೇಶಕ್ಕೆ ತನ್ನ ಮಕ್ಕಳನ್ನು ಕರೆಯುವ ಅಧಿಕಾರವಿದೆ. ಆದರೆ ಅವರು ಅದರ ಆಸ್ತಿಯಲ್ಲ. ಭದ್ರವಾದ ಕಾಗದ ಮರಳುವಿಕೆಗೆ ಅಡ್ಡಿಯೆಂದು ಏಕೆ ಭಾವಿಸಬೇಕು? ಹೋಗಿ ನೋಡಿ, ಮನೆ ಉಳಿದಿದೆಯೋ ಇಲ್ಲವೋ ತಿಳಿದು, ಆಗದಿದ್ದರೆ ಹಿಂದಿರುಗಬಹುದೆಂಬ ಭರವಸೆಯಿದ್ದವನು ಹೊರಡಲು ಧೈರ್ಯ ಮಾಡುತ್ತಾನೆ. ಒಮ್ಮೆ ಹೋದರೆ ಬಾಗಿಲು ಮುಚ್ಚುವುದೆಂಬ ಭಯವಿದ್ದವನು ಇದ್ದ ಹೊಸ್ತಿಲನ್ನೇ ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ.

ಪವಿತ್ರ ಕುಟುಂಬದ ಈಜಿಪ್ಟ್ ಪಲಾಯನವನ್ನು ನಾವು ಬಾಲ್ಯದಿಂದ ಕೇಳಿ ಬಲ್ಲೆವು. ಜಗದ್ಗುರು ಹನ್ನೆರಡನೆಯ ಭಕ್ತಿನಾಥರು 1952ರಲ್ಲಿ ಆ ಕುಟುಂಬವನ್ನು ಎಲ್ಲ ನಿರಾಶ್ರಿತ ಕುಟುಂಬಗಳ ಮಾದರಿಯೆಂದು ನಮ್ಮ ಮುಂದಿಟ್ಟರು. ಆದರೆ ಮತ್ತಾಯನ ಶುಭಸಂದೇಶದ ಆ ವೃತ್ತಾಂತದ ಕೊನೆಯನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಜೋಸೆಫನು ಹಿಂದಿರುಗಿದ್ದು ಗಡುವು ಮುಗಿದುದರಿಂದಲ್ಲ. ಮಗುವಿನ ಪ್ರಾಣ ತೆಗೆಯಬಯಸಿದ್ದವನು ಗತಿಸಿದನೆಂದು ತಿಳಿದುದರಿಂದ. ಹಿಂದಿರುಗುವ ದಾರಿಯಲ್ಲಿ, ಜುದೇಯವನ್ನು ಹೆರೋದನ ಮಗನೇ ಆಳುತ್ತಿರುವನೆಂದು ಕೇಳಿ ಅವನು ಅಂಜಿದನು. ಹೊರಟಿದ್ದ ಊರನ್ನು ಬಿಟ್ಟು ಗಲಿಲೇಯಕ್ಕೆ ಹೋಗಿ ನಜರೇತಿನಲ್ಲಿ ನೆಲೆಸಿದನು. ಮರಳುವ ಕಾಲ ಯಾವುದು, ಸುರಕ್ಷಿತವಾದ ಸ್ಥಳ ಯಾವುದು ಎಂಬ ತೀರ್ಮಾನದಲ್ಲಿ ಆ ತಂದೆಯ ಭಯಕ್ಕೂ ವಿವೇಕಕ್ಕೂ ಬೆಲೆಯಿತ್ತು.

ಇದು ದೂರದ ದೇಶಗಳ ಮಾತೆಂದು ಪುಟ ತಿರುವದಿರಿ. ನಮ್ಮ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ನರು ನೆಲೆಸಿದ್ದಾರೆ. ಕಾಡು ಕಡಿದು ಹೊಲ ಮಾಡಿದ ಹಿರಿಯರ ಮೊಮ್ಮಕ್ಕಳು ಕನ್ನಡ ಮಾತನಾಡುತ್ತಾರೆ. ಆದರೂ ಅವರಲ್ಲಿ ಬಹಳಷ್ಟು ಮಂದಿ ವಿದೇಶೀಯರ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ಭಾರತದಲ್ಲಿ 1950ರ ಜನವರಿ 26 ಮತ್ತು 1987ರ ಜುಲೈ 1ರ ನಡುವೆ ಜನಿಸಿದ ಟಿಬೆಟನ್ನರು ಜನ್ಮತಃ ಭಾರತೀಯ ಪೌರರೆಂದು ದೆಹಲಿ ಉಚ್ಚ ನ್ಯಾಯಾಲಯ 2010ರಲ್ಲಿ ತೀರ್ಪು ನೀಡಿತು. ಕೆಲವರು ಆ ಹಕ್ಕನ್ನು ಪಡೆದರು. ತಾಯ್ನಾಡಿಗೆ ಮರಳುವ ಆಸೆಯನ್ನು ಬಿಟ್ಟಂತಾಗುವುದೆಂದು ಹಲವರು ಪಡೆಯಲಿಲ್ಲ. ಆ ಎರಡೂ ನಿರ್ಧಾರಗಳಿಗೆ ಅವಕಾಶವಿರುವುದೇ ನಿಜವಾದ ಆತಿಥ್ಯ. ಇನ್ನು ಕರಾವಳಿಯ ನಮ್ಮ ಕುಟುಂಬಗಳಿಗಂತೂ ವೀಸಾ ನವೀಕರಣವೆಂದರೇನೆಂದು ವಿವರಿಸಬೇಕಾಗಿಲ್ಲ. ಮೂವತ್ತು ವರ್ಷ ಗಲ್ಫ್ ದೇಶಗಳಲ್ಲಿ ದುಡಿದು, ಅಲ್ಲಿಯೇ ಮಕ್ಕಳನ್ನು ಬೆಳೆಸಿ, ಕೆಲಸ ಮುಗಿದ ದಿನ ಪರಕೀಯರಾಗಿಯೇ ವಿಮಾನ ಹತ್ತಿದವರು ಎಷ್ಟು ಮನೆಗಳಲ್ಲಿಲ್ಲ? 1990ರಲ್ಲಿ ಕುವೈತಿನಿಂದ ಸುಮಾರು 1,70,000 ಭಾರತೀಯರು ಕೈಗೆ ಸಿಕ್ಕಿದ್ದನ್ನು ಹಿಡಿದು ಬಂದಾಗ, ಅಲ್ಲಿ ಕಳೆದ ವರ್ಷಗಳಿಗೆ ಯಾವ ಲೆಕ್ಕವೂ ಉಳಿಯದ ನೋವನ್ನು ನಮ್ಮವರು ಅನುಭವಿಸಿದ್ದಾರೆ. ಅದನ್ನು ಬಲ್ಲ ನಾವು, ‘ನಿಮ್ಮ ಅವಧಿ ಮುಗಿಯಿತು’ ಎಂಬ ಮಾತು ಕೇಳಿದ ಅನ್ಯರ ನೋವಿಗೆ ಕಿವುಡರಾಗಲಾರೆವು.

ಹಾಗಾದರೆ ನನ್ನ ಉತ್ತರವೇನು? ಕಾಲವೊಂದೇ ಹಕ್ಕನ್ನು ಕೊಡುವುದೇ ಎಂದರೆ, ಒಂದು ದಿನದಲ್ಲಿ ಅಲ್ಲ, ಒಂದು ವರ್ಷದಲ್ಲಿಯೂ ಅಲ್ಲ. ಬಾಗಿಲು ತೆರೆದವನಿಗೆ ತನ್ನ ಮನೆಯ ಅಳತೆಯನ್ನು ನೋಡುವ ಅಧಿಕಾರವಿದೆ. ಮರಳುವುದು ಸುರಕ್ಷಿತವಾದಾಗ ‘ಇನ್ನು ಹೊರಡು’ ಎಂದು ಹೇಳುವ ಅಧಿಕಾರವೂ ಇದೆ. ಆದರೆ ಆಪತ್ತು ಮುಂದುವರಿದು, ವಿಸ್ತರಣೆಗಳು ಒಂದರ ಮೇಲೊಂದು ಬಂದು, ಮಕ್ಕಳು ಆ ನೆಲದ ಭಾಷೆಯಲ್ಲಿ ಬೆಳೆದ ಮೇಲೆ, ‘ತಾತ್ಕಾಲಿಕ’ ಎಂಬ ಪದ ಸತ್ಯವನ್ನು ಹೇಳುವುದನ್ನು ನಿಲ್ಲಿಸುತ್ತದೆ. ಆಮೇಲೂ ಅದೇ ಪದವನ್ನು ಬಳಸುತ್ತಿರುವುದು ಒಂದು ಬಗೆಯ ಸುಳ್ಳು. ಅದರ ಬೆಲೆಯನ್ನು ತೆರುವವನು ದುರ್ಬಲನೇ. ಎಷ್ಟು ವರ್ಷವೆಂಬುದನ್ನು ಶಾಸನಕರ್ತರು ನಿಶ್ಚಯಿಸಲಿ. ಆದರೆ ಒಂದು ಸಂಖ್ಯೆ ಇರಲಿ, ಅದನ್ನು ಮೊದಲೇ ಹೇಳಲಿ, ಕಳೆದ ವರ್ಷಗಳನ್ನು ಎಣಿಸಲಿ.

ಯಾಜಕಕಾಂಡದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ದೇವರು ಇಸ್ರಯೇಲರಿಗೆ ಭೂಮಿಯ ಕುರಿತು ನಿಯಮ ಕೊಡುವಾಗ, ನೆಲ ತಮ್ಮದೆಂದೂ ಅವರು ಅದರ ಮೇಲೆ ಪರದೇಶಿಗಳಾಗಿ, ಒಕ್ಕಲಾಗಿ ಇರುವವರೆಂದೂ ನೆನಪಿಸುತ್ತಾರೆ. ಅದನ್ನು ಕೇಳಿದವರು ಅಲೆಮಾರಿಗಳಲ್ಲ; ಹೊಲಮನೆಗಳ ಒಡೆಯರಾಗಲಿದ್ದವರು. ನಮ್ಮ ಮನೆಯ ಪತ್ರಗಳು ಕಪಾಟಿನಲ್ಲಿ ಭದ್ರವಾಗಿರುವಾಗಲೂ ಆ ಮಾತು ನಮಗೆ ಅನ್ವಯಿಸುತ್ತದೆ. ಈ ಸಂಜೆ ಕುಟುಂಬ ಪ್ರಾರ್ಥನೆಗೆ ಕುಳಿತಾಗ ಹೊರನಾಡಿನಲ್ಲಿರುವ ನಿಮ್ಮವರ ಹೆಸರನ್ನು ಹೇಳುವಿರಲ್ಲ, ಅದರ ಜೊತೆಗೆ ಕೈಯಲ್ಲಿ ಗಡುವಿನ ಕಾಗದ ಹಿಡಿದು ಕಾದಿರುವ ಅಪರಿಚಿತ ಕುಟುಂಬಗಳನ್ನೂ ನೆನೆಯಿರಿ. ನಿಮ್ಮ ಬೀದಿಯಲ್ಲಿ ಬಹುಕಾಲದಿಂದ ವಾಸಿಸುತ್ತಿದ್ದರೂ ‘ಹೊರಗಿನವರು’ ಎನಿಸಿಕೊಂಡವರು ಯಾರಾದರೂ ಇದ್ದರೆ, ಅವರು ಬಂದು ಎಷ್ಟು ವರ್ಷವಾಯಿತೆಂದು ಒಮ್ಮೆ ಕೇಳಿ ತಿಳಿಯಿರಿ.